ಏರಿಯ ಮೇಲೆ ಎಪ್ಪತ್ತರ ನಡಿಗೆ

ಇನ್ನೂ ಪೂರ್ತಿ ಬೆಳಕು ಹರಿದಿರುವುದಿಲ್ಲ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಗೇಟಿನ ಹೊರಗೆ ಹಳೆಯ ಸ್ಕೂಟರುಗಳು ಒಂದೊಂದಾಗಿ ಬಂದು ನಿಲ್ಲುತ್ತವೆ. ಸರಸ್ವತಿಪುರಂ, ಪಡುವಾರಹಳ್ಳಿ, ಜಯಲಕ್ಷ್ಮೀಪುರಂ ಕಡೆಯವರು ನಡೆದೇ ಬರುತ್ತಾರೆ. ಧನುರ್ಮಾಸದ ಚಳಿಗೆ ತಲೆಗೆ ಮಂಕಿ ಕ್ಯಾಪು, ಕೊರಳಿಗೆ ಮಫ್ಲರು, ಸೀರೆಯ ಮೇಲೆ ಕೈಯಲ್ಲಿ ಹೆಣೆದ ಸ್ವೆಟರು, ಕಾಲಿಗೆ ಅಮೆರಿಕದಿಂದ ಮಗ ಕಳಿಸಿದ ಬಿಳಿ ಷೂ. ಕೆಮ್ಮು, ಗಂಟಲು ಸರಿಮಾಡಿಕೊಳ್ಳುವ ಸದ್ದು, ಆಮೇಲೆ ದಿನದ ಮೊದಲ ಮಾತು: 'ಏನ್ ಸಾರ್, ಎರಡು ದಿನ ಕಾಣ್ಲೇ ಇಲ್ಲ?' 'ಮಗಳ ಮನೆಗೆ ಬೆಂಗಳೂರಿಗೆ ಹೋಗಿದ್ದೆ ಸಾರ್. ಅಲ್ಲಿ ಕಾಲಿಡೋಕೆ ಜಾಗ ಇಲ್ಲ, ನಡೆಯೋದೆಲ್ಲಿಂದ ಬಂತು?'

ಬೇಸಾಯಕ್ಕೆ ನೀರಾಗಲೆಂದು ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ ಇದು. ಅದರ ನೀರು ನಂಬಿದ್ದ ಗದ್ದೆಗಳ ಜಾಗದಲ್ಲಿ ಈಗ ಬಡಾವಣೆಗಳಿವೆ. ಆ ಬಡಾವಣೆಗಳ ಹಿರಿಯರು ಬೆಳಗ್ಗೆ ಸಂಜೆ ಇದೇ ಏರಿಯ ಮೇಲೆ ಸುತ್ತುತ್ತಾರೆ. ದಡದಲ್ಲೇ ಮಾನಸಗಂಗೋತ್ರಿ. 1960ರಲ್ಲಿ ವಿಶ್ವವಿದ್ಯಾನಿಲಯದ ಈ ಆವರಣಕ್ಕೆ ಹೆಸರಿಟ್ಟ ಕುವೆಂಪು ಇದೇ ಕೆರೆಯ ಬಳಿ ತಿರುಗಾಡಿ ಕವಿತೆ ಬರೆದವರು. ನೀರಿನ ನಡುವಿನ ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆಗಳು ರೆಕ್ಕೆ ಬಡಿಯುತ್ತವೆ, ನೀರುಕಾಗೆಗಳು ಮುಳುಗೆದ್ದು ಮೈ ಒಣಗಿಸಿಕೊಳ್ಳುತ್ತವೆ. ಮೂರೂವರೆ ನಾಲ್ಕು ಕಿಲೋಮೀಟರಿನ ಮಣ್ಣಿನ ಹಾದಿ, ಮೇಲೆ ಮರದ ನೆರಳು, ನಡುನಡುವೆ ಕಲ್ಲುಬೆಂಚು. ನಿವೃತ್ತರ ಸ್ವರ್ಗವೆಂದು ಹೆಸರು ಪಡೆದ ಊರಿನಲ್ಲಿ ಆ ಸ್ವರ್ಗದ ಹಾಜರಿ ಪುಸ್ತಕ ಇರಬೇಕಾದದ್ದು ಇಲ್ಲೇ.

ಹೊತ್ತು ಸ್ವಲ್ಪ ಏರಿದರೆ ಹಾದಿಯಲ್ಲಿ ಮೂರು ಪಂಗಡ ಕಾಣುತ್ತವೆ. ಮೊದಲನೆಯವರು ದೌಡಿನವರು. ಮೊಣಕೈ ಮಡಚಿ, ಎದೆ ಮುಂದೆ ಮಾಡಿ, ಎದುರಿಗೆ ಬಂದ ನೆಂಟರಿಗೂ ಹುಬ್ಬಿನಲ್ಲೇ ನಮಸ್ಕಾರ ಹೇಳಿ ಸಾಗುವವರು. ಎರಡನೆಯವರು ಮಾತಿನವರು. ನಾಲ್ಕು ಜನ ಅಡ್ಡಡ್ಡ ಹಾದಿ ತುಂಬಿ ನಡೆಯುತ್ತಾರೆ. ತುಟ್ಟಿಭತ್ಯೆಯ ಬಾಕಿ, ಸೊಸೆಯ ಬಾಣಂತನ, ವಿಧಾನಸೌಧದ ಸುದ್ದಿ ಎಲ್ಲವೂ ಅವರ ಜೊತೆ ನಡೆಯುತ್ತವೆ. ವಾದ ಕಾವೇರಿದಷ್ಟೂ ಹೆಜ್ಜೆ ನಿಧಾನವಾಗುತ್ತದೆ, ಯಾರಾದರೊಬ್ಬ ಮಂತ್ರಿ ರಾಜೀನಾಮೆ ಕೊಟ್ಟ ದಿನ ನಿಂತೇ ಬಿಡುತ್ತದೆ. ಮೂರನೆಯವರು ಬೆಂಚಿನವರು. ಅರ್ಧ ಸುತ್ತು ಹಾಕಿ, ಬೆಂಚು ಹಿಡಿದು, ಮೂಗಿನ ಒಂದು ಹೊಳ್ಳೆ ಮುಚ್ಚಿ ಪ್ರಾಣಾಯಾಮ ಮಾಡುತ್ತ, ತೆರೆದ ಕಣ್ಣಲ್ಲಿ ಊರೆಲ್ಲ ನೋಡುವವರು.

ಮಾತಿನವರನ್ನು ಹಗುರವಾಗಿ ಕಾಣಬೇಕಿಲ್ಲ. ನಡಿಗೆಯ ಬಿರುಸು ಅಳೆಯಲು ವೈದ್ಯರು ಹೇಳುವ ಸುಲಭದ ಉಪಾಯವೇ ಮಾತು. ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟಿದ್ದರೆ ಅದು ಮಧ್ಯಮ ಬಿರುಸಿನ ನಡಿಗೆ. ಹಾಡೂ ಹೇಳಬಹುದೆಂದಾದರೆ ಅದು ಬರೀ ತಿರುಗಾಟ. ಮಾತೇ ಹೊರಡದಿದ್ದರೆ ಹೆಜ್ಜೆ ತಗ್ಗಿಸಬೇಕು.

ದೌಡಿನವರಲ್ಲಿ ಒಬ್ಬರು ಸಾರಿಗೆ ಬಸ್ಸಿನ ಡ್ರೈವರಾಗಿ ನಿವೃತ್ತರಾದವರು. 'ಮೂವತ್ತು ವರ್ಷ ಸೀಟು ಬಿಟ್ಟು ಏಳಲಿಲ್ಲ. ಈಗ ಬಡ್ಡಿ ಸೇರಿಸಿ ನಡೀತಿದೀನಿ' ಎಂದು ಹೊಟ್ಟೆ ತಟ್ಟಿಕೊಳ್ಳುತ್ತಾರೆ. ವ್ಯಾಯಾಮಕ್ಕೂ ಹೃದಯಕ್ಕೂ ಇರುವ ನಂಟು ಜಗತ್ತಿಗೆ ಮೊದಲು ಲೆಕ್ಕಸಮೇತ ಗೊತ್ತಾದದ್ದು ಅವರ ಕಸುಬಿನಿಂದಲೇ. ಲಂಡನ್ನಿನ ಜೆರ್ರಿ ಮಾರಿಸ್ ಎಂಬ ವೈದ್ಯವಿಜ್ಞಾನಿ ಅಲ್ಲಿನ ಡಬಲ್ ಡೆಕ್ಕರ್ ಬಸ್ಸಿನ ನೌಕರರ ಕಾಯಿಲೆಗಳ ಲೆಕ್ಕ ಹಾಕಿ 1953ರಲ್ಲಿ ಪ್ರಕಟಿಸಿದರು. ಒಂದೇ ಬಸ್ಸು, ಒಂದೇ ಊರು, ಹೆಚ್ಚುಕಡಿಮೆ ಒಂದೇ ಬಗೆಯ ಮನೆತನಗಳು. ಆದರೂ ದಿನವಿಡೀ ಕೂತ ಡ್ರೈವರುಗಳಿಗಿಂತ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುತ್ತಿದ್ದ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಸಾಕಷ್ಟು ಕಡಿಮೆ ಇತ್ತು, ಬಂದವರಿಗೂ ಅಷ್ಟು ತೀವ್ರವಾಗಿರಲಿಲ್ಲ. ಮಾರಿಸ್ ತಾವೂ ಆ ಪಾಠ ಕಲಿತು ನಡೆದರು, ಈಜಿದರು, 99 ವರ್ಷ ಬದುಕಿ 2009ರಲ್ಲಿ ತೀರಿಕೊಂಡರು.

ಹಾದಿಯ ಇನ್ನೊಂದು ತಿರುವಿನಲ್ಲಿ ದಂಪತಿಗಳಿಬ್ಬರು ನಿಂತು ಮೊಬೈಲು ನೋಡುತ್ತಿದ್ದಾರೆ. ಯಜಮಾನರ ಮುಖ ಸಪ್ಪಗಿದೆ. 'ಆರು ಸಾವಿರವೂ ಆಗಿಲ್ಲ ಕಣೇ.' 'ರೀ, ನಿಮ್ಮ ಹತ್ತು ಸಾವಿರ ತುಂಬಿಸೋಕೆ ನನ್ನ ಮಂಡಿ ಸವೆಸಬೇಡಿ' ಎಂದು ಅವರ ಹೆಂಡತಿ ಬೆಂಚಿನತ್ತ ಹೊರಡುತ್ತಾರೆ. ಆಕೆಯ ಮಾತಿನಲ್ಲಿ ಹುರುಳಿದೆ. ಹತ್ತು ಸಾವಿರ ಹೆಜ್ಜೆಯ ಲೆಕ್ಕ ಯಾವ ಆಸ್ಪತ್ರೆಯಿಂದಲೂ ಬಂದದ್ದಲ್ಲ. ಟೋಕಿಯೋ ಒಲಿಂಪಿಕ್ಸಿನ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರವನ್ನು ಮಾರಾಟಕ್ಕಿಟ್ಟಾಗ ಅದರ ಹೆಸರಿನಲ್ಲೇ ಹತ್ತು ಸಾವಿರವನ್ನು ಸೇರಿಸಿತು. ಅಂಕಿ ದುಂಡಗಿತ್ತು, ನೆನಪಿನಲ್ಲಿ ಉಳಿಯಿತು. ಅಮೆರಿಕದಲ್ಲಿ ಸರಾಸರಿ 72 ವಯಸ್ಸಿನ 16,741 ಮಹಿಳೆಯರ ಹೆಜ್ಜೆಗಳನ್ನು ಅಳೆದು ನೋಡಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ದಿನಕ್ಕೆ 2,700 ಹೆಜ್ಜೆ ಹಾಕುತ್ತಿದ್ದವರಿಗಿಂತ 4,400 ಹಾಕುತ್ತಿದ್ದವರಲ್ಲಿ ಸಾವಿನ ಪ್ರಮಾಣ ಶೇ 41ರಷ್ಟು ಕಡಿಮೆ ಇತ್ತು. ಲಾಭ ಸುಮಾರು 7,500 ಹೆಜ್ಜೆಯವರೆಗೆ ಏರಿ ಅಲ್ಲಿಗೆ ಸಮನಾಯಿತು. ಯಜಮಾನರ ಆರು ಸಾವಿರ ಸಪ್ಪೆ ಮೋರೆಗೆ ತಕ್ಕದ್ದೇನಲ್ಲ.

ಹೆಂಗಸರು ಬರುವ ಹೊತ್ತೇ ಬೇರೆ. ಬೇಗ ಬಂದು ಬೇಗ ಹೊರಡುವವರು ಅವರು. ಏಳಕ್ಕೆ ಮೊಮ್ಮಗನ ಶಾಲೆಯ ವ್ಯಾನು, ಅದಕ್ಕೆ ಮುಂಚೆ ಟಿಫಿನ್ ಬಾಕ್ಸು. ಗಂಡಸರಿಗೆ ನಿವೃತ್ತಿಯ ದಿನ ಹಾರ, ಶಾಲು, ಬೀಳ್ಕೊಡುಗೆ. ಇವರಿಗೆ ಅಂಥ ದಿನವೇ ಬರಲಿಲ್ಲ. 'ಮನೇಲಿ ನಿಂತೇ ಇರ್ತೀವಲ್ಲ, ಅದೇ ವ್ಯಾಯಾಮ' ಎಂದು ಒಬ್ಬರು ಹೇಳಿದರೆ, ಜೊತೆಯವರು 'ಒಲೆ ಮುಂದೆ ನಿಂತರೆ ಕಾಲು ಊದುತ್ತೆ, ಉಸಿರು ಏರಲ್ಲ' ಎಂದು ತಿದ್ದುತ್ತಾರೆ. ತಿದ್ದಿದ್ದೇ ಸರಿ. ಅಡುಗೆಮನೆಯ ಓಡಾಟಕ್ಕೂ ಬೆಲೆ ಇದೆ, ಆದರೆ ಎದೆಬಡಿತ ಏರಿಸುವ ನಡಿಗೆಗೆ ಅದು ಬದಲಿಯಲ್ಲ.

ಹುಲ್ಲಿನ ಮೇಲೆ ನಗೆಕೂಟದವರು ಕೈ ಎತ್ತಿ ಹೋ ಹೋ ಎನ್ನುತ್ತಿದ್ದಾರೆ. 1995ರಲ್ಲಿ ಮುಂಬೈಯ ಪಾರ್ಕೊಂದರಲ್ಲಿ ಡಾ. ಮದನ್ ಕಟಾರಿಯಾ ಬೆರಳೆಣಿಕೆಯ ಜನರೊಂದಿಗೆ ಶುರುಮಾಡಿದ ಈ ಪದ್ಧತಿ ಊರೂರಿನ ಪಾರ್ಕಿಗೂ ಬಂದಿದೆ. ನಗು ಹುಸಿಯೋ ನಿಜವೋ, ಒಂಟಿಯಾಗಿರುವ ವಿಧುರರೊಬ್ಬರು ದಿನಕ್ಕೊಮ್ಮೆ ಹತ್ತು ಜನರ ನಡುವೆ ನಿಲ್ಲುತ್ತಾರಲ್ಲ, ಅದು ನಿಜ. ಒಬ್ಬ ಸದಸ್ಯ ನಾಲ್ಕು ದಿನ ಬಾರದಿದ್ದರೆ ಇಲ್ಲಿಂದ ಫೋನು ಹೋಗುತ್ತದೆ.

ಇಷ್ಟೆಲ್ಲ ಚೆಂದ. ಆದರೆ ಏರಿಯ ಮೇಲಿನ ನಿಜವಾದ ಪರೀಕ್ಷೆ ನಡೆಯುವುದು ಕಲ್ಲುಬೆಂಚಿನಲ್ಲಿ. ಅಲ್ಲಿ ಒಬ್ಬ ನಿವೃತ್ತ ಮೂಳೆ ವೈದ್ಯರು ಕೂರುತ್ತಾರೆ. ಪರಿಚಯದವರು ಬಿಟ್ಟಿ ಸಲಹೆ ಕೇಳಿದರೆ ಅವರು ಕೊಡುವ ಉತ್ತರ ಒಂದೇ: 'ಎರಡೂ ಕೈ ಎದೆಗೆ ಕಟ್ಟಿಕೊಂಡು ಬೆಂಚಿನಿಂದ ಏಳಿ ನೋಡೋಣ.' ನಾಲ್ಕು ಕಿಲೋಮೀಟರು ದೌಡಾಯಿಸಿ ಬಂದ ನಿವೃತ್ತ ಹೆಡ್‌ಮಾಸ್ಟರು ನಗುತ್ತಲೇ ಕೈಕಟ್ಟುತ್ತಾರೆ. ಒಮ್ಮೆ ಮುಂದಕ್ಕೆ ವಾಲುತ್ತಾರೆ, ಏಳಲಾಗುವುದಿಲ್ಲ. ಮತ್ತೊಮ್ಮೆ ತೂಗಿಕೊಂಡು ಅರ್ಧ ಎದ್ದು ಧೊಪ್ಪನೆ ಕೂರುತ್ತಾರೆ. ಮೂರನೆಯ ಸಲ ಕೈ ತಾನಾಗಿಯೇ ಬಿಚ್ಚಿ ಬೆಂಚಿನ ಅಂಚು ಹಿಡಿಯುತ್ತದೆ. ಸುತ್ತ ನಗು. ಅಷ್ಟರಲ್ಲಿ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಸೊಪ್ಪಿನ ಕಟ್ಟು ಜೋಡಿಸುತ್ತಿದ್ದ ಅರವತ್ತೈದರ ಹೆಂಗಸು ಬುಟ್ಟಿಯನ್ನು ಸೊಂಟಕ್ಕೆತ್ತಿ, ಎಲ್ಲೂ ಕೈ ಊರದೆ ಎದ್ದು ಹೊರಟುಬಿಡುತ್ತಾಳೆ. ನಗು ನಿಲ್ಲುತ್ತದೆ.

ಅವಳ ಬಾಳನ್ನು ಹೊಗಳಿ ಕೈತೊಳೆದುಕೊಳ್ಳುವಂತಿಲ್ಲ. ಬಿಡುವಿಲ್ಲದ ದುಡಿಮೆಯೂ ಮಂಡಿಯನ್ನು ಸವೆಸುತ್ತದೆ, ಸೊಂಟವನ್ನು ಹಿಡಿಯುತ್ತದೆ. ಅವಳಿಗೆ ಬೇಕಿರುವುದು ವಿಶ್ರಾಂತಿ, ಹೊಟ್ಟೆ ತುಂಬ ಊಟ. ಆದರೆ ಹೆಡ್‌ಮಾಸ್ಟರಿಗೆ ಇಲ್ಲದ್ದು ಅವಳ ತೊಡೆಯಲ್ಲಿ ಇನ್ನೂ ಉಳಿದಿದೆ ಎಂಬುದೂ ಸುಳ್ಳಲ್ಲ. ಮೂವತ್ತು ದಾಟಿದ ಮೇಲೆ ಮಾಂಸಖಂಡ ಹತ್ತು ವರ್ಷಕ್ಕೆ ಶೇ 3ರಿಂದ 8ರಷ್ಟು ಕರಗುತ್ತ ಬರುತ್ತದೆ, ಅರವತ್ತರ ಮೇಲೆ ಅದರ ವೇಗ ಇನ್ನೂ ಹೆಚ್ಚು. ಕರಗುವುದು ಕಣ್ಣಿಗೆ ಕಾಣುವುದಿಲ್ಲ. ಆ ಜಾಗವನ್ನು ಕೊಬ್ಬು ತುಂಬುವುದರಿಂದ ತೂಕದ ಯಂತ್ರಕ್ಕೂ ತಿಳಿಯುವುದಿಲ್ಲ. ತಿಳಿಯುವುದು ಕಮೋಡಿನಿಂದ ಏಳುವಾಗ, ಬಸ್ಸಿನ ಮೊದಲ ಮೆಟ್ಟಿಲು ಹತ್ತುವಾಗ.

ನಡಿಗೆ ಹೃದಯಕ್ಕೆ, ಸಕ್ಕರೆಗೆ, ಮನಸ್ಸಿಗೆ ಒಳ್ಳೆಯದು. ಆದರೆ ಕೂತಲ್ಲಿಂದ ಏಳುವ ಬಲವನ್ನು ಅದೊಂದೇ ಕಾಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಇದನ್ನು ಬಿಡಿಸಿ ಹೇಳಿದೆ. 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ. ಅದರ ಜೊತೆಗೆ ವಾರಕ್ಕೆ ಎರಡು ದಿನವಾದರೂ ಮಾಂಸಖಂಡ ಬಲಪಡಿಸುವ ಕಸರತ್ತು. ಬೀಳದಂತೆ ಕಾಯಲು ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಬಲ ಎರಡನ್ನೂ ಕೂಡಿಸಿದ ಅಭ್ಯಾಸ. ನಮ್ಮ ಹಿರಿಯರು ಮೊದಲ ಸಾಲು ಓದಿ ಪುಟ ಮಗುಚಿದ್ದಾರೆ.

ಒಂದು ಕಾಲಕ್ಕೆ ಆ ಉಳಿದೆರಡು ಸಾಲುಗಳನ್ನು ಮನೆಯೇ ನೋಡಿಕೊಳ್ಳುತ್ತಿತ್ತು. ಊಟಕ್ಕೆ ನೆಲದ ಮೇಲೆ ಚಕ್ಕಳಮಕ್ಕಳ, ರಂಗೋಲಿಗೆ ಬಾಗು, ರುಬ್ಬುಗುಂಡಿನ ಮುಂದೆ ಅರ್ಧ ಗಂಟೆ, ಬಾವಿಯಿಂದ ಸೇದಿದ ನೀರು, ಕುಕ್ಕರಗಾಲಿನ ಪಾಯಿಖಾನೆ. ದಿನಕ್ಕೆ ಎಷ್ಟು ಸಲ ನೆಲಕ್ಕೆ ಇಳಿದು ಎದ್ದರೆಂದು ಯಾರೂ ಎಣಿಸಲಿಲ್ಲ. ಡೈನಿಂಗ್ ಟೇಬಲ್, ಮಿಕ್ಸಿ, ಸೋಫಾ, ಕಮೋಡು ಬಂದ ಮೇಲೆ ಮನುಷ್ಯ ನೆಲದಿಂದ ಒಂದೂವರೆ ಅಡಿ ಮೇಲೆ ಬದುಕತೊಡಗಿದ. ನೊಂದ ಮಂಡಿಗೆ ಅದು ವರವೇ, ಬೇಡವೆನ್ನಲಾಗದು. ಆದರೆ ಮನೆ ಬಿಟ್ಟುಕೊಟ್ಟ ಕಸರತ್ತನ್ನು ಬೇರೆ ಹೊತ್ತಿನಲ್ಲಿ ತುಂಬಿಕೊಳ್ಳಬೇಕಿತ್ತು, ಅದನ್ನು ಮರೆತೆವು.

ಮೈಸೂರಿನವರು ಮರೆಯಬಾರದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆದ ತಿರುಮಲೈ ಕೃಷ್ಣಮಾಚಾರ್ಯರು ನೂರು ವರ್ಷ ಬಾಳಿದವರು. ತೊಂಬತ್ತಾರನೆಯ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದಾಗ ಶಸ್ತ್ರಚಿಕಿತ್ಸೆ ಒಲ್ಲದೆ, ಹಾಸಿಗೆಯಲ್ಲೇ ಮಾಡುವಂಥ ಅಭ್ಯಾಸಗಳನ್ನು ತಮಗಾಗಿ ರೂಪಿಸಿಕೊಂಡರೆಂದು ಅವರ ಜೀವನ ಬರೆದವರು ಹೇಳುತ್ತಾರೆ. ಶಸ್ತ್ರಚಿಕಿತ್ಸೆ ಬೇಡವೆಂದದ್ದನ್ನು ಯಾರೂ ಅನುಕರಿಸಬೇಕಿಲ್ಲ, ಹಾಸಿಗೆಯಲ್ಲೂ ಮೈಯನ್ನು ಸುಮ್ಮನೆ ಬಿಡದ ಛಲ ಅನುಕರಿಸಬೇಕಾದದ್ದು. ಅವರ ಭಾವಮೈದುನ, ಕೋಲಾರದ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್, ಕುರ್ಚಿ, ಹಗ್ಗ, ಇಟ್ಟಿಗೆ, ಪಟ್ಟಿಗಳ ಆಸರೆಯಲ್ಲಿ ಆಸನ ಹೇಳಿಕೊಟ್ಟು, ಬಗ್ಗಲಾಗದ ಮುದಿ ಮೈಗಳಿಗೂ ಯೋಗದ ಬಾಗಿಲು ತೆರೆದರು. 2014ರಲ್ಲಿ ತೀರಿಕೊಂಡಾಗ ಅವರಿಗೆ 95.

ಭಾನುವಾರ ಏರಿಯ ಮೇಲೆ ಕೆಲವರು ಕಾಣುವುದಿಲ್ಲ. ಅವರು ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲಿರುತ್ತಾರೆ. ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಸಾವಿರ ಮೆಟ್ಟಿಲು. ಎಪ್ಪತ್ತೆರಡರ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರ ನಿಯಮ ಸರಳ: 'ಹತ್ತೋದು ಕಾಲಲ್ಲಿ, ಇಳಿಯೋದು ಬಸ್ಸಲ್ಲಿ.' ಹತ್ತುವಾಗ ತೊಡೆ, ಪೃಷ್ಠ, ಶ್ವಾಸಕೋಶ ದುಡಿಯುತ್ತವೆ. ಇಳಿಯುವಾಗ ಮೈಭಾರದ ಹಲವು ಪಟ್ಟು ಒತ್ತಡ ಮಂಡಿಚಿಪ್ಪಿನ ಮೇಲೆ ಬೀಳುತ್ತದೆ. ನಂದಿಯವರೆಗೆ ಹತ್ತಿ ಕೈಮುಗಿದರೂ ಅವರಿಗೆ ಸಮಾಧಾನ.

ಇತ್ತ ಕೆರೆಯ ಗೇಟಿನ ಹೊರಗೆ ಬೂದುಗುಂಬಳದ ರಸ, ಹಾಗಲಕಾಯಿ ರಸ, ಬಾರ್ಲಿ ನೀರು, ಮೊಳಕೆ ಕಾಳು. ಕಹಿ ರಸವನ್ನು ಕಣ್ಣುಮುಚ್ಚಿ ಇಳಿಸಿದವರು ಎದುರಿನ ಹೋಟೆಲಿನಲ್ಲಿ ಕಣ್ತೆರೆದು ಬೆಣ್ಣೆ ದೋಸೆ ಹೇಳುತ್ತಾರೆ. ನಾಲ್ಕರಲ್ಲಿ ಸ್ನಾಯುವಿಗೆ ಹೆಚ್ಚು ಬೇಕಾದದ್ದು ಮೊಳಕೆ ಕಾಳು. ವಯಸ್ಸಾದಂತೆ ಹಲ್ಲು ಸಡಿಲವಾಗಿ, ಊಟ ಮೆತ್ತಗಾಗಿ, ಅನ್ನ-ಸಾರು, ಬ್ರೆಡ್ಡು-ಹಾಲಿಗೆ ಇಳಿದುಬಿಡುತ್ತದೆ. ಹಿರಿಯರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ ಒಂದು ಗ್ರಾಮಿಗಾದರೂ ಪ್ರೋಟೀನು ಸೇರಬೇಕೆನ್ನುತ್ತಾರೆ ಆಹಾರತಜ್ಞರು. ಬೇಳೆಯ ಕಟ್ಟಿಗಿಂತ ಬೇಳೆ, ಹುರುಳಿ, ಮೊಸರು, ತಿನ್ನುವವರಿಗೆ ಮೊಟ್ಟೆ ಮೀನು. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಈ ಲೆಕ್ಕ ಹಿಡಿಯಬೇಕು.

ಏರಿಯ ಮೇಲೆ ಕಾಣದವರ ಸುದ್ದಿಯೂ ಏರಿಯ ಮೇಲೇ ಸಿಗುತ್ತದೆ. 'ಬಚ್ಚಲಲ್ಲಿ ಜಾರಿದರಂತೆ.' 'ರಾತ್ರಿ ಬಾತ್‌ರೂಮಿಗೆ ಎದ್ದಾಗ ಮ್ಯಾಟಿಗೆ ಕಾಲು ಸಿಕ್ಕಿತಂತೆ.' ಬಿದ್ದ ಮೇಲೆ ಆಸ್ಪತ್ರೆ, ಆಸ್ಪತ್ರೆಯ ಮೇಲೆ ಹಾಸಿಗೆ. ಆ ಹಾಸಿಗೆ ಏನು ಮಾಡುತ್ತದೆಂದು ಅಮೆರಿಕದ ಸಂಶೋಧಕರು ಆರೋಗ್ಯವಂತ ಹಿರಿಯರನ್ನೇ ಹತ್ತು ದಿನ ಮಲಗಿಸಿ ನೋಡಿದರು. 2007ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅವರ ಕಾಲುಗಳಿಂದಲೇ ಹತ್ತಿರ ಹತ್ತಿರ ಒಂದು ಕಿಲೋ ಮಾಂಸಲಭಾಗ ಕರಗಿತ್ತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದೆಂಬ ಗಾದೆ ಹಣಕ್ಕೆ ಹೇಳಿದ್ದು, ಮೈಗೂ ಸಲ್ಲುತ್ತದೆ.

ಹಾಗೆಂದು ಕರಗಿದ್ದು ಕರಗಿಯೇ ಹೋಯಿತೆಂದಲ್ಲ. 1990ರಲ್ಲಿ ಪ್ರಕಟವಾದ ಪ್ರಯೋಗಕ್ಕಾಗಿ ಬಾಸ್ಟನ್ನಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಮರಿಯಾ ಫಿಯಟರೋನೆ ಮತ್ತು ಸಂಗಡಿಗರು ತೊಂಬತ್ತರ ಆಸುಪಾಸಿನ, ನಿತ್ರಾಣರಾದ ಹತ್ತು ಮಂದಿಯನ್ನು ಆರಿಸಿಕೊಂಡು ಎಂಟು ವಾರ ತೊಡೆಗೆ ಭಾರ ಎತ್ತಿಸಿದರು. ಕೊನೆಯವರೆಗೆ ಉಳಿದವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಏರಿತ್ತು. ಇಬ್ಬರು ಊರುಗೋಲನ್ನೇ ಬಿಟ್ಟರು. ತೊಂಬತ್ತಕ್ಕೆ ಆದದ್ದು ಎಪ್ಪತ್ತಕ್ಕೆ ಆಗದೇ? ಬಲ ಮತ್ತು ಸಮತೋಲನದ ಅಭ್ಯಾಸ ಕ್ರಮವಾಗಿ ಮಾಡಿದ ಹಿರಿಯರು ಬೀಳುವುದು ಸುಮಾರು ಕಾಲು ಭಾಗದಷ್ಟು ಕಡಿಮೆಯಾಗುತ್ತದೆ ಎಂಬುದೂ ಹಲವು ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದಾಗ ಕಂಡಿದೆ.

ಬೆಂಚಿನ ವೈದ್ಯರ ಪಾಠಕ್ಕೆ ಜಿಮ್ಮು ಬೇಡ. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಕೈಕಟ್ಟಿ ಎದ್ದು ಕೂತು ಮಾಡಿ. 65ರಿಂದ 69ರ ಗಂಡಸು 30 ಸೆಕೆಂಡಿನಲ್ಲಿ 12 ಸಲ, ಹೆಂಗಸು 11 ಸಲ ಏಳಲಾರದಿದ್ದರೆ ಬೀಳುವ ಅಪಾಯ ಹೆಚ್ಚೆಂದು ತಿಳಿಯಿರಿ. ಆಗದಿದ್ದವರು ಮೊದಮೊದಲು ಕೈ ಊರಿಯೇ ಏಳಲಿ, ಕುರ್ಚಿಯ ಮೇಲೆ ದಿಂಬಿಟ್ಟು ಎತ್ತರಿಸಿಕೊಳ್ಳಲಿ. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಹಾಲು ಕಾಯುವಷ್ಟು ಹೊತ್ತು ಒಂದೊಂದೇ ಕಾಲಿನಲ್ಲಿ ನಿಲ್ಲುವುದು, ಗೋಡೆಗೆ ಕೈಯಿಟ್ಟು ದಂಡ ಹೊಡೆಯುವುದು. ಇಷ್ಟು ಸಾಕು. ಎದೆ ಹಿಡಿದರೆ, ತಲೆ ಸುತ್ತಿದರೆ, ಉಸಿರು ಸಿಗದಿದ್ದರೆ ನಿಲ್ಲಿಸಿ ವೈದ್ಯರನ್ನು ಕಾಣಿ. ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ಪೆಪ್ಪರಮಿಂಟ್ ಇಟ್ಟುಕೊಳ್ಳಿ. ಬಿ.ಪಿ. ಮಾತ್ರೆಯವರು ಹಾಸಿಗೆಯಿಂದ ಥಟ್ಟನೆ ಏಳಬೇಡಿ.

2011ರ ಜನಗಣತಿಯಲ್ಲೇ ದೇಶದಲ್ಲಿ ಅರವತ್ತು ದಾಟಿದವರು 10 ಕೋಟಿ ಮೀರಿದ್ದರು. ದೇವಸ್ಥಾನದ ಜಗಲಿಯಲ್ಲಿ ಕೂತು ಅವರು ಬೇಡುವುದು ಎರಡೇ: ನರಳದ ಸಾವು, ಯಾರ ಹಂಗೂ ಇಲ್ಲದ ಬಾಳು. ಮೊದಲನೆಯದು ದೇವರಿಗೆ ಬಿಟ್ಟದ್ದು. ಎರಡನೆಯದರಲ್ಲಿ ಅರ್ಧ ಪಾಲು ಅವರವರ ತೊಡೆಯ ಬಲಕ್ಕೆ ಬಿಟ್ಟದ್ದು. ಆ ಬಲವನ್ನು ಎಷ್ಟೋ ಮನೆಗಳಲ್ಲಿ ಕಸಿಯುತ್ತಿರುವುದು ಪ್ರೀತಿ. 'ನೀವು ಕೂತ್ಕೊಳಿ ಅಪ್ಪ, ನಾನು ತರ್ತೀನಿ.' 'ಅಮ್ಮ, ನಿಮಗ್ಯಾಕೆ ಈ ಕೆಲಸ?' ಹಿರಿಯರನ್ನು ಕೂರಿಸುವುದೇ ಮರ್ಯಾದೆ ಎಂದು ನಂಬಿದ ಮನೆಗಳು ನಮ್ಮವು. ಕೂರಿಸಿದಷ್ಟೂ ಅವರು ಏಳುವುದು ಕಷ್ಟವಾಗುತ್ತದೆ.

ಮಕ್ಕಳೇ, ಸೊಸೆಯಂದಿರೇ, ಬಚ್ಚಲಿಗೊಂದು ಹಿಡಿಕೆ ಹಾಕಿಸಿ, ರಾತ್ರಿ ಒಂದು ದೀಪ ಉರಿಯಬಿಡಿ, ಜಾರುವ ಮ್ಯಾಟು ತೆಗೆದುಹಾಕಿ. ಮಿಕ್ಕ ಕೆಲಸ ಅವರಿಗೇ ಬಿಡಿ. ಗಿಡಕ್ಕೆ ನೀರು ಅಪ್ಪನೇ ಹಾಕಲಿ, ಎರಡು ಕಿಲೋ ತರಕಾರಿಯ ಚೀಲ ಅಮ್ಮನೇ ಹೊರಲಿ. ಕುರ್ಚಿಯಿಂದ ಏಳಲು ಅವರು ಹೆಣಗುವಾಗ ಕೈ ಕೊಡುವ ಮುನ್ನ ಒಂದು ಕ್ಷಣ ಕಾಯಿರಿ. ಅವರೇ ಎದ್ದು ನಿಲ್ಲಲಿ.